ಕಂಪನಿಗೆ ಉಡಿ ತುಂಬಿದ್ದು

ಅಥಣಿ ಸೀಮೆಯ ಅನಂತಪುರದ ರಾವಸಾಹೇಬರ ಹೆಸರಿನಲ್ಲಿ ಒಬ್ಬ ರಾವ ಇದ್ದಾನೆ, ಒಬ್ಬ ಸಾಹೇಬನೂ ಇದ್ದಾನೆ. ಮನೆಯ ಹೊಸ್ತಿಲು ದಾಟುವಾಗ ಇಬ್ಬರೂ ಚಪ್ಪಲಿಗಳ ಜೊತೆ ಹೊರಗೇ ಉಳಿದುಬಿಡುತ್ತಾರೆ. ಒಳಗೆ ಹೋಗುವುದು ಬರೀ ಚನ್ನವ್ವನ ಗಂಡ.

ಆ ವರ್ಷ ದೇವರು ಅವರ ತೋಟದ ಕಡೆ ಕಣ್ಣು ತೆರೆದು ನೋಡಿದ್ದ. ಅಕಾಲದ ಮಳೆ ಬರಲಿಲ್ಲ, ದ್ರಾಕ್ಷಿಗೆ ರೋಗ ಬೀಳಲಿಲ್ಲ. ಶೆಡ್ಡಿನಲ್ಲಿ ಒಣಗಿದ ಮಣೂಕ (ಪೇಟೆಯವರು ಒಣದ್ರಾಕ್ಷಿ ಅನ್ನುತ್ತಾರೆ, ರುಚಿ ಒಂದೇ) ಎಳೆಬಿಸಿಲಿನಂತೆ ಹೊಳೆಯಿತು, ದರವೂ ಒಲಿಯಿತು. ರೊಕ್ಕ ಬ್ಯಾಂಕಿಗೆ ಬಂದ ದಿನವೇ ಚನ್ನವ್ವ ದೇವರ ಮುಂದೆ ತುಪ್ಪದ ದೀಪ ಇಟ್ಟಳು, ಗಂಡನ ಮುಂದೆ ಚಹಾ ಇಟ್ಟಳು, ಆಮೇಲೆ ಮಾತು ಇಟ್ಟಳು.

"ಇನ್ನ ಅಡಿಗಿಮನಿ ಕಟ್ಟಿಸೂಣ್ರಿ."

ಅಡಿಗೆಮನೆಯ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಅದನ್ನು ಕಟ್ಟಿಸಿದವರು ರಾವಸಾಹೇಬರ ತಾಯಿ. ಆಕೆ ಗಿಡ್ಡ, ಹಾಗಾಗಿ ಬಾಗಿಲೂ ಗಿಡ್ಡ. ಮಗನೂ ತಾಯಿಯ ಅಳತೆಯವನೇ, ರುಮಾಲು ಸುತ್ತಿಕೊಂಡರೂ ಸಲೀಸಾಗಿ ಒಳಗೆ ಹೋಗಿ ಬರುತ್ತಿದ್ದ. ಚನ್ನವ್ವ ಮಾತ್ರ ಜೋಳದ ದಂಟಿನ ಹಾಗೆ ಎತ್ತರದ ಹೆಣ್ಣು. ಮದುವೆಯಾಗಿ ಬಂದ ದಿನದಿಂದ ದಿನಕ್ಕೆ ಹತ್ತಾರು ಸಲ ಆ ಚೌಕಟ್ಟಿಗೆ ನಮಸ್ಕಾರ ಹಾಕುತ್ತ ಬಂದಿದ್ದಳು. ನೋಡಿದ ಊರವರು, "ಎಷ್ಟ ವಿನಯ ಅಂತೀರಿ, ತಲಿ ಎತ್ತಿ ನಡ್ಯೂದಿಲ್ಲ ಹೆಣ್ಣಮಗಳು" ಎಂದು ಹೊಗಳುತ್ತಿದ್ದರು. ಅದು ವಿನಯವಲ್ಲ, ಚೌಕಟ್ಟು. ಮಳೆಗಾಲದಲ್ಲಿ ಮೇಲಿನ ತಗಡು ಬೇರೆ ಸೋರುತ್ತಿತ್ತು. ಒಂದು ಹನಿ ಸರಿಯಾಗಿ ಹೆಂಚಿನ ಮೇಲೆಯೇ ಬಿದ್ದು, ರೊಟ್ಟಿಯ ಜೊತೆ ತಾನೂ ಚುರ್‍ರೆನ್ನುತ್ತಿತ್ತು.

"ಕಟ್ಟಿಸೂಣು, ಕಟ್ಟಿಸೂಣು" ಎಂದರು ರಾವಸಾಹೇಬರು. ಒಮ್ಮೆ ಅಂದರೆ ಕಟ್ಟಿಸುತ್ತಾರೆ ಎಂದರ್ಥ. ಎರಡು ಸಲ ಅಂದರೆ ಬೇರೇನೋ ತಲೆಯಲ್ಲಿ ಹೊಕ್ಕಿದೆ ಎಂದರ್ಥ. ಇಷ್ಟು ವರ್ಷ ಸಂಸಾರ ಮಾಡಿದ ಚನ್ನವ್ವನಿಗೆ ಈ ವ್ಯಾಕರಣ ಬಾಯಿಪಾಠವಾಗಿತ್ತು.

ತಲೆಯಲ್ಲಿ ಹೊಕ್ಕಿದ್ದು ಅಥಣಿಯ ಭಾವುಸಾಹೇಬರ ಅಂಗಡಿಯಲ್ಲಿ. ಭಾವುಸಾಹೇಬರು ಹನಿ ನೀರಾವರಿಯ ಪೈಪು ಮಾರುವವರು, ಬಸದಿಗೆ ಹೋಗದೆ ಬಾಯಿಗೆ ನೀರು ಹಾಕದವರು, ಸೂರ್ಯ ಮುಳುಗಿದ ಮೇಲೆ ಊಟ ಮುಟ್ಟದವರು, ರಾವಸಾಹೇಬರ ಬಾಲ್ಯದ ಗೆಳೆಯರು. ಅವರಿಗೆ ಇದ್ದ ಒಂದೇ ಚಟ ಶೇರು ಪೇಟೆಯದು, ಅದೂ ಬಾಯಿಂದ ಮಾತ್ರ.

"ರಾವಸಾಹೇಬ್ರ, ಎಷ್ಟ ದಿನಾ ಅಂತ ಬಳ್ಳಿ ಕಾಯ್ಕೊಂತ ಕುಂದರತೀರಿ? ನಮ್ಮ ನಿಪ್ಪಾಣಿ ಕಡೆ ಒಂದು ಕಂಪನಿ ಐತಿ. ವಜ್ರಕಾಯ ಅಡ್ವಾನ್ಸ್ಡ್ ಮಟೀರಿಯಲ್ಸ್. ಗ್ರಾಫೀನ್ ಮಾಡ್ತಾರ, ಗ್ರಾಫೀನ್!"

"ಅದು ಔಷಧ ಏನ್ರಿ, ಹೊಡಿಯೂದು?"

"ಥೂ ಮಾರಾಯಾ! ಇದ್ದಲಿ ಐತೆಲ್ಲಾ, ಅದರದ ಜಾತಿ. ಕಣ್ಣಿಗೆ ಕಾಣದಷ್ಟ ತೆಳ್ಳಂದು ಒಂದ ಪದರು. ಉಕ್ಕಿಗಿಂತ ಇನ್ನೂರು ಪಟ್ಟು ಗಟ್ಟಿ. ಟಾಯರಿನ್ಯಾಗ ಕೂಡಿಸಿದರ ಟಾಯರ್ ಸವಿಯೂದಿಲ್ಲ, ಸಿಮೆಂಟಿನ್ಯಾಗ ಕೂಡಿಸಿದರ ಬಿರಕ ಬಿಡೂದಿಲ್ಲ. ಸದ್ಯೇಕ ಲಾಭ ಫಾಯದೆ ಏನೂ ಇಲ್ಲ. ಆದರ ಒಂದು ದೊಡ್ಡ ಟಾಯರ್ ಕಂಪನಿಯವರು ಪರೀಕ್ಷೆ ಮಾಡಾಕತ್ತಾರ. ಅವರು ಹೂಂ ಅಂದ್ರಂದ್ರ ಒಂದಕ್ಕ ಹತ್ತು. ಊಂಹೂಂ ಅಂದ್ರಂದ್ರ ಹಾಕಿದ್ದೊಂದು ಹೋಗ್ತೈತಿ. ಸೋತರ ಒಂದು, ಗೆದ್ದರ ಹತ್ತು. ಲೆಕ್ಕಾ ನೀವ ಮಾಡ್ರಿ."

ರಾವಸಾಹೇಬರು ಮಾಡಿದರು. ದ್ರಾಕ್ಷಿ ಬೆಳೆದವನಿಗೆ ಗಂಡಾಂತರ ಏನು ಹೊಸದೇ? ಹೂವಿನಲ್ಲಿ ಮಂಜು ಬಿದ್ದರೆ ಹೋಯಿತು, ಹಣ್ಣಿನಲ್ಲಿ ಮಳೆ ಬಿದ್ದರೆ ಹೋಯಿತು, ಎಲ್ಲ ಸರಿಯಾಗಿದ್ದರೆ ದರ ಬಿದ್ದು ಹೋಯಿತು. ಅದರಲ್ಲಿ ಗೆದ್ದರೂ ಒಂದಕ್ಕೆ ಒಂದೂವರೆ. ಇಲ್ಲಿ ಹತ್ತು!

"ನೀವು ಎಷ್ಟ ತಗೊಂಡೀರಿ, ಭಾವುಸಾಹೇಬ್ರ?"

"ನಾ ಇನ್ನೂ ವಿಚಾರ ಮಾಡಾಕತ್ತೀನಿ" ಎಂದರು ಭಾವುಸಾಹೇಬರು ಗಂಭೀರವಾಗಿ. (ಹೊಳೆಯ ಆಳ ನೋಡಬೇಕಾದರೆ ಮೊದಲು ಗೆಳೆಯನನ್ನು ಇಳಿಸಬೇಕು, ಇದು ವ್ಯಾಪಾರದ ಮೊದಲ ಪಾಠ.)

ಮನೆಗೆ ಬಂದ ಗಂಡನ ಬಾಯಿಂದ ಇದೆಲ್ಲ ಕೇಳಿಸಿಕೊಂಡ ಚನ್ನವ್ವ ಸಿಟ್ಟಾಗಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಶೇರ ತಗೊಂಡರ ದೀಪಾವಳಿಗೆ ಏನ ಕೊಡ್ತಾರ?"

ಪ್ರಶ್ನೆ ಸರಿಯಾದದ್ದೇ. ಈ ಸೀಮೆಯಲ್ಲಿ ಶೇರು ಅಂದರೆ ಸಕ್ಕರೆ ಕಾರ್ಖಾನೆಯ ಶೇರು. ಶೇರು ಇದ್ದವರಿಗೆ ದೀಪಾವಳಿಗೆ ಕಡಿಮೆ ದರದಲ್ಲಿ ಸಕ್ಕರೆ ಬರುತ್ತದೆ. ವರ್ಷಕ್ಕೊಮ್ಮೆ ಸಭೆ ಇರುತ್ತದೆ, ಸಭೆಯಲ್ಲಿ ಎದ್ದು ನಿಂತು ಚೇರ್ಮನ್ನರನ್ನು ಬೈಯಬಹುದು, ಬೈದ ಮೇಲೆ ಅವರ ಜೊತೆಗೇ ಕೂತು ಊಟ ಮಾಡಬಹುದು. ಇವು ಮೂರೂ ಇಲ್ಲದ ಶೇರು ಎಂಥ ಶೇರು?

"ಇದು ಸಕ್ಕರಿ ಅಲ್ಲ ಬೇ, ಗ್ರಾಫೀನ್. ಉಣ್ಣೂದಲ್ಲ. ಹಾಳಿಗಿಂತ ತೆಳ್ಳಗ, ಉಕ್ಕಿಗಿಂತ ಗಟ್ಟಿ!"

"ನಿಮ್ಮವ್ವ ಮಾಡೂ ರೊಟ್ಟಿನೂ ಹಂಗ ಇರತಿದ್ದುವು. ಯಾರೂ ಶೇರ ತಗೊಳ್ಳಲಿಲ್ಲ."

"ನೋಡು, ನಿನಗ ರಿಸ್ಕು ರಿವಾರ್ಡು ತಿಳ್ಯೂದಿಲ್ಲ…"

"ತಿಳೀತೈತ್ರಿ. ರಿಸ್ಕು ಅಂದ್ರ ನನ್ನ ಅಡಿಗಿಮನಿ. ರಿವಾರ್ಡು ಅಂದ್ರ ನಿಮ್ಮ ಗೆಳ್ಯಾನ ಮಾತು."

ಮೂರು ದಿನ ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ. ನಾಲ್ಕನೆಯ ದಿನ ಪೂಜೆ ಮುಗಿಸಿ ಎದ್ದ ಚನ್ನವ್ವ ತೀರ್ಪು ಕೊಟ್ಟಳು. "ನೋಡದ ಮನಿಗೆ ಹೆಣ್ಣ ಕೊಡ್ತಾರೇನ್ರಿ? ಮಣೂಕದ ರೊಕ್ಕ ಅಂದ್ರ ನಾ ಸಾಕಿದ ಮಗಳಿದ್ದಂಗ. ಕೊಡೂದ ಇದ್ದರ ಮೊದಲ ಮನಿ ನೋಡಿ ಬರೂಣು. ನನಗ ಮನಸ ಒಪ್ಪಿದರ ಹಾಕ್ರಿ, ಇಲ್ಲಂದ್ರ ಸುಮ್ಮ ಮನಿ ಕಟ್ಟೂ ಗೌಂಡಿನ್ನ ಕರೀರಿ."

ರಾವಸಾಹೇಬರಿಗೆ ಒಳಗೊಳಗೇ ಹೋಳಿಗೆ ಉಂಡಂತಾಯಿತು. ಒಂದು ಸಲ ಆ ಕಾರ್ಖಾನೆ ಇವಳ ಕಣ್ಣಿಗೆ ಬೀಳಲಿ! ಗಗನ ಮುಟ್ಟುವ ಚಿಮಣಿ, ಗುಡುಗುವ ಯಂತ್ರ, ಸಾಲುಗಟ್ಟಿದ ಲಾರಿ ನೋಡಿದರೆ ಎಂಥ ಹೆಣ್ಣಿನ ಎದೆಯೂ ಕರಗಲೇಬೇಕು.

ಒಂದು ಜೀಪು ಗೊತ್ತು ಮಾಡಿದರು. ವಜ್ರಕಾಯಕ್ಕೆ ಪೈಪು ಮಾರಿದ ಗುರುತು ಹಿಡಿದು ಭಾವುಸಾಹೇಬರು ಫೋನು ಮಾಡಿ ಒಪ್ಪಿಗೆ ಪಡೆದರು, ಮುಂದಿನ ಸೀಟಿನಲ್ಲಿ ತಾವೂ ಕೂತರು. ಚನ್ನವ್ವ ಇಳಕಲ್ ಸೀರೆ ಉಟ್ಟು, ಒಂದು ಚೀಲ ತುಂಬ ಸಾಮಾನು ಹೇರಿಕೊಂಡು ಬಂದಳು. ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ, ಕುಪ್ಪಸದ ಖಣ, ಶೇಂಗಾ ಹೋಳಿಗೆ.

"ಏ, ನಾವು ಕಂಪನಿ ನೋಡಾಕ ಹೊಂಟೀವಿ, ಸೀಮಂತಕ್ಕಲ್ಲ!"

"ಬರಿಗೈಲೆ ಯಾರ ಮನಿಗೂ ಹೋಗಬಾರದ್ರಿ. ಒಪ್ಪಲಿ ಬಿಡಲಿ, ಮನಿ ಮನೀನ."

ಚಿಕ್ಕೋಡಿ ದಾಟಿ ನಿಪ್ಪಾಣಿಯ ಹೊರವಲಯಕ್ಕೆ ಬಂದರು. ರಾವಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ ಚಿಮಣಿ ಹುಡುಕುತ್ತಿದ್ದರು. ಜೀಪು ಒಂದು ಹಳೆಯ ತಂಬಾಕಿನ ಗೋದಾಮಿನ ಮುಂದೆ ನಿಂತಿತು. ದಾರಿ ಕೇಳಲು ನಿಂತಿರಬೇಕು ಎಂದುಕೊಂಡರು. ಡ್ರೈವರ್ ಇಂಜಿನ್ ಆರಿಸಿಬಿಟ್ಟ.

ಚಿಮಣಿ ಇರಲಿಲ್ಲ. ಲಾರಿ ಇರಲಿಲ್ಲ. ಗೋಡೆಯ ಮೇಲೆ 'ವಜ್ರಕಾಯ' ಎಂಬ ಫಲಕ, ಬಾಗಿಲಲ್ಲಿ ಒಂದು ತುಳಸಿ ಗಿಡ, ಅಷ್ಟೇ. ಗೋದಾಮಿನಿಂದ ತಂಬಾಕು ಹೋಗಿ ವರ್ಷಗಳಾಗಿದ್ದರೂ ಘಾಟು ಹೋಗಿರಲಿಲ್ಲ. ಒಳಗೆ ಕಾಲಿಟ್ಟದ್ದೇ ತಡ, ಭಾವುಸಾಹೇಬರು ಸೀನಿದರು. ರಾವಸಾಹೇಬರು ಸೀನಿದರು. ಮತ್ತೆ ಭಾವುಸಾಹೇಬರು. ಶುಭಕಾರ್ಯಕ್ಕೆ ಹೊರಟಾಗ ಒಂದು ಸೀನು ಅಪಶಕುನ, ಎರಡು ಸೀನು ಶುಭ. ಹನ್ನೊಂದು ಹನ್ನೆರಡು ಸೀನಿಗೆ ಫಲವೇನೆಂದು ಯಾವ ಪಂಚಾಂಗದಲ್ಲೂ ಬರೆದಿರಲಿಲ್ಲ, ಚನ್ನವ್ವ ಎಣಿಸುವುದನ್ನು ಬಿಟ್ಟಳು.

ಬಿಳಿ ಕೋಟು ಹಾಕಿದ ಒಬ್ಬ ಹುಡುಗಿ ನಗುತ್ತ ಬಂದು ಕೈಮುಗಿದಳು. ಹೆಸರು ಸ್ನೇಹಲ. ಕಂಪನಿ ಕಟ್ಟಿದವಳೂ ಅವಳೇ, ನಡೆಸುವವಳೂ ಅವಳೇ.

"ಬರ್ರಿ ಕಾಕಾ, ಬರ್ರಿ ಕಾಕು. ನಮ್ಮ ಶೇರ ತಗೊಳ್ಳೂಮುಂದ ನೋಡಾಕ ಬಂದವರು ನೀವ ಮೊದಲಿನವರು. ಎಲ್ಲಾರೂ ಫೋನಿನ್ಯಾಗ ನೋಡಿ ತಗೋತಾರ."

ಒಳಗೆ ಮದುವೆಯ ಹಂಡೆಯಷ್ಟು ದೊಡ್ಡ ಒಂದೆರಡು ಉಕ್ಕಿನ ಪಾತ್ರೆ, ಗಾಜಿನ ಕೊಳವೆ, ಮೆಲ್ಲಗೆ ಗುಂಯ್‍ಗುಡುವ ಒಂದು ಯಂತ್ರ, ಬೆರಳೆಣಿಕೆಯ ಜನ. ಸ್ನೇಹಲ ಒಂದು ಸಣ್ಣ ಗಾಜಿನ ಬಾಟಲಿ ತಂದು ತೋರಿಸಿದಳು. ತಳದಲ್ಲಿ ಒಂದು ಹಿಡಿ ಕರಿ ಪುಡಿ.

"ಇದು ನಿನ್ನೆ ಇಡೀ ದಿನದ್ದು ಕಾಕು."

ರಾವಸಾಹೇಬರು ಮನಸ್ಸಿನಲ್ಲೇ ತೂಕ ಹಾಕಿದರು. ಇಡೀ ದಿನಕ್ಕೆ ಒಂದು ಹಿಡಿ! ಅವರ ಸಕ್ಕರೆ ಕಾರ್ಖಾನೆಯಲ್ಲಿ ಕಸ ಗುಡಿಸಿದರೂ ಇದಕ್ಕಿಂತ ಹೆಚ್ಚು ಬರುತ್ತಿತ್ತು.

ಚನ್ನವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ಮಸಿ ಅಲ್ಲೇನವ್ವಾ?"

ಸ್ನೇಹಲ ಗೊಳ್ಳೆಂದು ನಕ್ಕಳು. "ಮಸಿಯ ಮೊಮ್ಮಗಳು ಅನ್ರಿ. ಅಜ್ಜಿ ಭಾಂಡಿಗೆ ಹತ್ತತಿದ್ದಳು, ಮೊಮ್ಮಗಳು ಸಾಲಿ ಕಲ್ತಾಳ."

"ಬೇಕಾದರ ಹೇಳು, ನಮ್ಮ ಅಡಿಗಿಮನ್ಯಾಗ ಅಜ್ಜಿ ನಾಕು ಬುಟ್ಟಿ ಅದಾಳ."

ಆಮೇಲೆ ಚನ್ನವ್ವ ಕುರ್ಚಿ ಎಳೆದುಕೊಂಡು ಕೂತಳು. ಹೆಣ್ಣು ನೋಡಲು ಹೋದಾಗ ಕೇಳುವ ಹಾಗೆಯೇ, ಸಮಾಧಾನದಿಂದ, ಒಂದೊಂದಾಗಿ ಕೇಳತೊಡಗಿದಳು. ಕೇಳಿದ್ದಕ್ಕಿಂತ ಹೆಚ್ಚು ಹೊತ್ತು ಕಿವಿಗೊಟ್ಟಳು.

"ಈಗ ಇದನ್ನ ಯಾರ ಕೊಳ್ತಾರವ್ವಾ?"

"ಸಣ್ಣ ಸಣ್ಣವರು ಕಾಕು. ಬಣ್ಣ ಮಾಡೂವರು, ಪೈಪ ಮಾಡೂವರು. ಅದರಾಗ ಖರ್ಚು ಹುಟ್ಟೂದಿಲ್ಲ."

"ಆ ಟಾಯರಿನವರು ಒಲ್ಲೆ ಅಂದ್ರ?"

"ಇನ್ನೊಬ್ಬರನ್ನ ಹುಡಕೂದು. ಎರಡು ವರ್ಷ ನಡಸೂವಷ್ಟು ರೊಕ್ಕ ಐತಿ. ಅಷ್ಟರಾಗ ಯಾರೂ ಹೂಂ ಅನ್ನಲಿಲ್ಲಂದ್ರ ಬಾಗಲಾ ಹಾಕಬೇಕಾಗ್ತೈತಿ. ಸುಳ್ಳ ಯಾಕ ಹೇಳಲಿ? ಇದನ್ನ ಎಲ್ಲಾ ಶೇರದಾರರಿಗೂ ಬರದ ಹೇಳೀವಿ. ಯಾರೂ ಓದೂದಿಲ್ಲ."

"ನಿನ್ನ ಪಗಾರ?"

ಹುಡುಗಿ ಸ್ವಲ್ಪ ನಾಚಿದಳು. "ಯುಗಾದಿಯಿಂದ ತಗೊಂಡಿಲ್ರಿ. ಮೊದಲ ಮಂದಿಗೆ, ಉಳಿದರ ನನಗ."

ಚನ್ನವ್ವನ ಕಣ್ಣು ತುಂಬಿ ಬಂತು. ರಾವಸಾಹೇಬರ ಕಣ್ಣಿಗೆ ಕತ್ತಲೆ ಬಂತು. ಒಡತಿಗೇ ಪಗಾರ ಇಲ್ಲದ ಕಂಪನಿ! ಅವರು ಭಾವುಸಾಹೇಬರ ಕಡೆ ನೋಡಿದರು. ಭಾವುಸಾಹೇಬರು ಸೀನುವ ನೆಪದಲ್ಲಿ ಮುಖ ಮುಚ್ಚಿಕೊಂಡಿದ್ದರು.

ಚನ್ನವ್ವ ಎದ್ದು ಒಂದು ಸುತ್ತು ಬಂದಳು. ನೀರಿನ ಕೊಡ ಮುಚ್ಚಿದೆಯೇ, ಕೆಲಸದ ಹೆಣ್ಣುಮಕ್ಕಳಿಗೆ ಕೂತು ಉಣ್ಣಲು ಜಾಗ ಇದೆಯೇ, ಪಾಯಖಾನೆ ಸ್ವಚ್ಛ ಇದೆಯೇ, ಎಲ್ಲ ನೋಡಿದಳು. ಬಂದವಳೇ ಚೀಲ ಬಿಚ್ಚಿದಳು.

"ಕುಂದರವ್ವಾ, ಮೂಡ್ಲ ಮುಖಾ ಮಾಡಿ."

"ಯಾಕ ಕಾಕು?"

"ಉಡಿ ತುಂಬತೀನಿ."

ರಾವಸಾಹೇಬರು "ಏ… ಏ… ನಿಲ್ಲು" ಎನ್ನುವಷ್ಟರಲ್ಲಿ ಹಣೆಗೆ ಕುಂಕುಮ ಬಿದ್ದಾಗಿತ್ತು. ಹುಡುಗಿ ಪ್ಯಾಂಟಿನ ಮೇಲೆ ಬಿಳಿ ಕೋಟು ಹಾಕಿದ್ದಳು, ಒಡ್ಡಲು ಸೆರಗು ಎಲ್ಲಿಂದ ತರಬೇಕು? ಅವಳು ಕೋಟಿನ ಎರಡು ಅಂಚನ್ನೇ ಹಿಡಿದು ಒಡ್ಡಿದಳು. ಐದು ಹಿಡಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಖಣ. ಯಂತ್ರ ನಿಲ್ಲಿಸಿ ಬಂದ ಕೆಲಸದವರೆಲ್ಲ ಸುತ್ತ ನಿಂತು ನೋಡಿದರು. ಯಾರೋ ಒಬ್ಬಾಕೆ ಸೋಬಾನದ ಒಂದು ಸೊಲ್ಲನ್ನೂ ಎತ್ತಿದಳು.

"ಇನ್ನ ನೀ ನಮ್ಮ ಮನಿ ಮಗಳು" ಎಂದಳು ಚನ್ನವ್ವ.

ಹೀಗೆ ವಜ್ರಕಾಯ ಅಡ್ವಾನ್ಸ್ಡ್ ಮಟೀರಿಯಲ್ಸ್ ಕಂಪನಿಯ ಉಡಿ ತುಂಬಿತು. ಯಾವ ಶೇರು ಪೇಟೆಯಲ್ಲೂ ಇದಕ್ಕೆ ಮೊದಲು ನಡೆದಿರಲಾರದು.

ತಿರುಗಿ ಬರುವಾಗ ಜೀಪಿನಲ್ಲಿ ನಡೆದ ಯುದ್ಧವನ್ನು ಏನೆಂದು ಹೇಳುವುದು! ಹೋಗುವಾಗ ಯಾರ ಕೈಯಲ್ಲಿ ಯಾವ ಆಯುಧ ಇತ್ತೋ, ಬರುವಾಗ ಅದು ಎದುರಿನವರ ಕೈ ಸೇರಿತ್ತು.

"ಪೂರಾ ಹಾಕಿಬಿಡ್ರಿ" ಎಂದಳು ಚನ್ನವ್ವ.

"ಪೂರಾ? ನಿನ್ನ ಅಡಿಗಿಮನಿ?"

"ಇಷ್ಟ ವರ್ಷ ಬಗ್ಗೇನಿ, ಇನ್ನೊಂದ ವರ್ಷ ಬಗ್ಗತೀನಿ. ಎಂಥಾ ಹುಡಿಗಿ ಅಂತೀರಿ! ಇಂಥಾ ಪ್ರಾಮಾಣಿಕ ಮಂದಿ ದಂಧೆ ಮುಳಗೂದಿಲ್ಲ."

"ಪ್ರಾಮಾಣಿಕ ಮಂದಿದ ಮುಳಗತೈತಿ ಬೇ! ಒಂದ ಹಿಡಿ ಮಸಿ, ಪಗಾರಿಲ್ಲದ ಮಾಲಕಿ, ಚಿಮಣಿ ಸೈತ ಇಲ್ಲ!"

"ಚಿಮಣಿ ಇದ್ದ ಎಷ್ಟ ಕಾರಖಾನಿ ಕಬ್ಬಿನ ಬಿಲ್ಲ ತಡಾ ಮಾಡಿಲ್ಲ? ನೀವ ಹೇಳಿದ್ರೆಲ್ಲಾ, ಸೋತರ ಒಂದು, ಗೆದ್ದರ ಹತ್ತು ಅಂತ."

"ಅದು ಭಾವುಸಾಹೇಬ್ರು ಹೇಳಿದ್ದು!"

ಮುಂದಿನ ಸೀಟಿನಲ್ಲಿ ಭಾವುಸಾಹೇಬರು ಗಾಢ ನಿದ್ರೆಯಲ್ಲಿದ್ದರು. (ಇಂಥ ನಿದ್ರೆಯಲ್ಲಿ ಕಣ್ಣು ಮುಚ್ಚಿರುತ್ತದೆ, ಕಿವಿ ತೆರೆದಿರುತ್ತದೆ.)

ಮಾರನೆಯ ದಿನ ರಾವಸಾಹೇಬರು ಫೋನು ಹಿಡಿದು ತೋಟದ ಬಾವಿಯ ಕಟ್ಟೆಯ ಮೇಲೆ ಕೂತರು. ಬೆರಳು ಇಟ್ಟರೆ ಸಾಕು, ಶೇರು ಬರುತ್ತಿತ್ತು. ಬೆರಳು ಮುಂದೆ ಹೋಗಲಿಲ್ಲ. ಕಣ್ಣ ಮುಂದೆ ಆ ಬಾಟಲಿಯ ತಳದ ಕರಿ ಪುಡಿಯೇ ಬರುತ್ತಿತ್ತು. ಮನೆಗೆ ಬಂದಾಗ ಚನ್ನವ್ವ ಕೇಳಿದಳು.

"ಹಾಕಿದ್ರೇನ್ರಿ?"

"ಹಾಕಿದೆ."

ರೊಕ್ಕ ಬ್ಯಾಂಕಿನಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ನಾಲ್ಕು ತಿಂಗಳು ಸುಮ್ಮನಿದ್ದರಾಯಿತು, ಶೇರು ತಾನಾಗಿ ಮುಳುಗುತ್ತದೆ, ಆಗ 'ನೋಡು, ನಿನ್ನ ಅಡಿಗೆಮನೆ ಉಳಿಸಿದೆ' ಎಂದು ರೊಕ್ಕ ತೆಗೆದು ತೋರಿಸಿದರೆ ಜೀವಮಾನದ ಮರ್ಯಾದೆ. ಲೆಕ್ಕ ಚೆನ್ನಾಗಿತ್ತು. ಗ್ರಾಫೀನಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಶ್ರಾವಣ ಹುಟ್ಟಿತು, ಶೇರು ಏರತೊಡಗಿತು. ಟಾಯರಿನವರ ಮೊದಲ ಪರೀಕ್ಷೆ ಪಾಸಾಯಿತಂತೆ. ಸೋಮವಾರ ಏರಿತು, ಮಂಗಳವಾರ ಏರಿತು, ನಾಗರಪಂಚಮಿಗೆ ಜೋಕಾಲಿಗಿಂತ ಮೇಲೆ ಹೋಯಿತು. ಚನ್ನವ್ವ ದೇವರಿಗೆ ಎರಡನೆಯ ದೀಪ ಹಚ್ಚತೊಡಗಿದಳು. ಓಣಿಯ ಹೆಣ್ಣುಮಕ್ಕಳನ್ನು ಕರೆದು ಉಂಡಿ ಹಂಚಿದಳು. "ನಮ್ಮ ಸ್ನೇಹಲ ಪಾಸಾದಳು!" ಎಂದಳು. ನೆರೆಮನೆಯ ಸತ್ತೆವ್ವ, "ಯಾವ ಕ್ಲಾಸವಾ?" ಎಂದು ಕೇಳಿದಳಂತೆ.

ಇತ್ತ ರಾವಸಾಹೇಬರು ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಸವಣ್ಣನ ಗುಡಿಗೆ ಹೋಗುವುದನ್ನು ರೂಢಿಸಿಕೊಂಡರು. ಗಂಡನಿಗೆ ಭಕ್ತಿ ಬಂತೆಂದು ಚನ್ನವ್ವ ಹಿಗ್ಗಿದಳು. ಪಾಪ, ಅವರು ಅಲ್ಲಿ ಕಣ್ಣು ಮುಚ್ಚಿ ಬೇಡುತ್ತಿದ್ದದ್ದು, "ಬಸವಣ್ಣಾ, ಇವತ್ತರ ಬೀಳಸೋ ತಂದೆ!" ಮನೆಯಲ್ಲಿ ಹೆಂಡತಿ, ಏರಿಸಪ್ಪಾ ಎನ್ನುತ್ತಿದ್ದಳು. ಒಂದೇ ಮನೆಯಿಂದ ಒಂದೇ ದಿನ ಎರಡು ಅರ್ಜಿ ಬಂದರೆ ದೇವರಾದರೂ ಏನು ಮಾಡಬೇಕು? ಅವನು ಹೆಣ್ಣುಮಗಳ ಅರ್ಜಿಯನ್ನು ಮೊದಲು ತೆಗೆದುಕೊಂಡ. ಶೇರು ಹಾಕಿದ ದಿನದ ಮೂರು ಪಟ್ಟಾಯಿತು. (ಹಾಕದ ದಿನದ, ಎನ್ನಬೇಕು.)

ಗಣಪತಿ ಹಬ್ಬದ ಮರುದಿನ ಚನ್ನವ್ವ ಗೌಂಡಿ ಗುರಪ್ಪನನ್ನು ಕರೆಸಿಯೇ ಬಿಟ್ಟಳು. "ದೀಪಾವಳಿ ಮುಂದ ಸ್ವಲ್ಪ ಶೇರ ಮಾರೂದ ಐತಿ ಗುರಪ್ಪಾ. ಬಾಗಲಾ ಎತ್ತರ ಇರಲಿ. ಬಳ್ಳಿ ಕಾಣೂವಂಗ ಕಿಡಕಿ ಇರಲಿ. ಕಟ್ಟೀಗೆ ಗ್ರಾನೈಟ್ ಹಾಸು. ಮತ್ತ ನಳಾ ಎರಡು."

"ಎರಡ ಯಾಕ್ರಿ ಅವ್ವಾರ?"

"ಒಂದ ಕೆಟ್ಟರ?" ಎಂದಳು ಚನ್ನವ್ವ. ರಿಸ್ಕಿನ ಪಾಠ ಅವಳಿಗೆ ಪೂರ್ತಿ ಬಂದುಬಿಟ್ಟಿತ್ತು.

ಗುರಪ್ಪ ಟೇಪು ಹಿಡಿದು ಗೋಡೆಯ ಉದ್ದ ಅಳೆದ. ರಾವಸಾಹೇಬರು ಮನಸ್ಸಿನಲ್ಲಿ ತಮ್ಮ ಆಯುಷ್ಯ ಅಳೆದರು. ಬ್ಯಾಂಕಿನಲ್ಲಿದ್ದ ರೊಕ್ಕಕ್ಕೆ ಸಾದಾ ಅಡಿಗೆಮನೆ ಏಳುತ್ತಿತ್ತು. ಇವಳು ಹೇಳುತ್ತಿದ್ದದ್ದು ಮೂರು ಪಟ್ಟಿನ ಅರಮನೆ. ಅದಕ್ಕಿಂತ ಹೆಚ್ಚಾಗಿ, ಶೇರು ಮಾರಿ ಎಂದ ದಿನ ಏನನ್ನು ಮಾರುವುದು? ಅವರಿಗೆ ಅನ್ನ ಸೇರದಾಯಿತು. "ರೊಕ್ಕ ಬಂದ ಕೂಡಲೆ ಹಸಿವು ಹೋಗ್ತೈತಂತ" ಎಂದು ಊರವರು ಮಾತಾಡಿಕೊಂಡರು.

ಕಡೆಗೂ ಬಸವಣ್ಣ ಕೇಳಿದ. ದಸರೆಯ ಹೊತ್ತಿಗೆ ಟಾಯರಿನವರು, ಇನ್ನೊಂದು ಮಳೆಗಾಲ ಟಾಯರು ಓಡಿಸಿ ನೋಡದೆ ಏನನ್ನೂ ಹೇಳೆವು ಎಂದು ಪತ್ರ ಬರೆದರು. ಸುದ್ದಿ ಹೊರಬಿದ್ದದ್ದೇ ಶೇರು ಬಿತ್ತು. ಮರುದಿನ ಬಿತ್ತು. ಅದರ ಮರುದಿನವೂ ಬಿತ್ತು. ಮೂರು ಪಟ್ಟು ಎರಡಾಯಿತು, ಒಂದಾಯಿತು, ಆಮೇಲೆ ಅರ್ಧಕ್ಕೆ ಬಂದು ಕುಂಟುತ್ತ ನಿಂತಿತು. ಅಥಣಿಯಲ್ಲಿ ಭಾವುಸಾಹೇಬರು ಅಂಗಡಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಏನಾತ್ರಿ?" ಎಂದು ಕೇಳಿದರು ಅಲ್ಲಿಗೆ ಹೋದ ರಾವಸಾಹೇಬರು.

"ಹೋದ ತಿಂಗಳ ವಿಚಾರ ಮುಗೀತ್ರಿ" ಎಂದರು ಅವರು ಸಣ್ಣ ದನಿಯಲ್ಲಿ. "ಮೂರು ಪಟ್ಟ ಇದ್ದಾಗ ತಗೊಂಡೆ."

ರಾವಸಾಹೇಬರು ಗೆಳೆಯನಿಗೆ ಸಾಂತ್ವನ ಹೇಳಬೇಕಿತ್ತು. ಹೇಳಿದರು ಕೂಡ. ಆದರೆ ತುಟಿಯಂಚು ಕಿವಿಯವರೆಗೆ ಓಡುತ್ತಿತ್ತು. ಅಲ್ಲಿಂದ ನೆಟ್ಟಗೆ ಮಿಠಾಯಿ ಅಂಗಡಿಗೆ ಹೋಗಿ ಒಂದು ಪೊಟ್ಟಣ ಬಿಸಿ ಜಿಲೇಬಿ ಕಟ್ಟಿಸಿಕೊಂಡರು.

ಮನೆಯಲ್ಲಿ ಚನ್ನವ್ವ ಹಿಟ್ಟು ನಾದುತ್ತಿದ್ದಳು. ಮುಖ ಬಾಡಿತ್ತು, ಸುದ್ದಿ ಬಂದಿರಬೇಕು. ರಾವಸಾಹೇಬರು ಜಿಲೇಬಿಯನ್ನು ಅವಳ ಮುಂದೆ ಇಟ್ಟು, ರಾವನನ್ನೂ ಸಾಹೇಬನನ್ನೂ ಮೊದಲ ಸಲ ಒಳಗೆ ಕರೆದುಕೊಂಡು, ಎದೆ ಸೆಟೆಸಿ ನಿಂತರು.

"ಚನ್ನೀ, ಅಳಬ್ಯಾಡ. ನಮ್ಮದು ಒಂದ ಪೈಸೆ ಹೋಗಿಲ್ಲ. ನಾ ಶೇರ ತಗೊಂಡ ಇಲ್ಲ!"

ಚನ್ನವ್ವನ ಕೈ ನಿಂತಿತು. "ಏನಂದ್ರಿ?"

"ಹೂಂ ಮತ್ತ! ಅವತ್ತ ಆ ಮಸಿ ನೋಡಿದಾಗ ನನಗ ಗೊತ್ತಾಗಿತ್ತು. ರೊಕ್ಕ ಬ್ಯಾಂಕಿನ್ಯಾಗ ಜಂ ಅಂತ ಐತಿ. ನಿನ್ನ ಗಂಡ ಏನ ದಡ್ಡ ಅಲ್ಲ!"

ಹೊಗಳಿಕೆಗಾಗಿ ಕಾದರು. ಬರಲಿಲ್ಲ. ಚನ್ನವ್ವ ಕೈಗೆ ಹತ್ತಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಬಿಡಿಸುತ್ತಿದ್ದಳು. ಅವಳು ಹಾಗೆ ನಿಧಾನವಾಗಿ ಹಿಟ್ಟು ಬಿಡಿಸಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ದೊಡ್ಡ ಬದಲಾವಣೆ ಆಗಿದ್ದುಂಟು.

"ಅಂದ್ರ ಇಷ್ಟ ದಿನಾ ಆ ಹುಡಿಗಿ ಹತ್ತರ ನಮ್ಮದು ಏನೂ ಇರಲಿಲ್ಲ?"

"ಏನೂ ಇರಲಿಲ್ಲ!" ಎಂದರು ರಾವಸಾಹೇಬರು, ಆದರೆ ಈ ಸಲ ದನಿ ಅರ್ಧದಲ್ಲೇ ಇಳಿಯಿತು.

"ನಾ ಉಡಿ ತುಂಬಿ ಮಗಳ ಅಂದೆ. ದೇವರ ಮುಂದ ದಿನಾ ದೀಪ ಹಚ್ಚಿದೆ. ಊರ ಮಂದಿಗೆಲ್ಲಾ ಉಂಡಿ ಹಂಚಿದೆ. ನೀವು ಬರಿಗೈಲೆ ಎದ್ದು ಬಂದ್ರಿ. ಮ್ಯಾಲ ಹಾಕೀನಿ ಅಂತ ಸುಳ್ಳ ಬ್ಯಾರೆ."

"ಏ, ಪಾರಾದಿವಿ ಅನ್ನು! ಅರ್ಧಕ್ಕ ಇಳದೈತಿ ಅದು!"

"ನೋಡ್ರಿ, ಮಗಳ ಮನ್ಯಾಗ ಹಬ್ಬ ಇದ್ದಾಗ ಹೋಗಲಿಲ್ಲಂದ್ರ ಯಾರೂ ಕೇಳೂದಿಲ್ಲ. ತ್ರಾಸ ಇದ್ದಾಗ ಹೋಗಲಿಲ್ಲಂದ್ರ ಜಲಮ ಪೂರ್ತಿ ಮಾತ ಉಳೀತೈತಿ. ಫೋನ್ ಹಚ್ರಿ ಆಕಿಗೆ."

ರಾವಸಾಹೇಬರು ಹಚ್ಚಿದರು. ಚನ್ನವ್ವ ಕೇಳಿದಳು, "ಹ್ಯಾಂಗ ಅದಿಯವ್ವಾ? ಅಂಜಿಕಿ ಏನೂ ಇಲ್ಲಲಾ?"

"ಇಲ್ಲ ಕಾಕು" ಎಂದಿತು ಆ ಕಡೆಯ ದನಿ. "ಅವರು ಒಲ್ಲೆ ಅಂದಿಲ್ಲ, ಇನ್ನೊಂದ ಮಳಿಗಾಲ ನೋಡ್ತೀವಿ ಅಂದಾರ. ಅವತ್ತ ಹೇಳಿದ್ದ ಇವತ್ತೂ ಹೇಳ್ತೀನಿ. ಬಂದರ ಬಂತು, ಇಲ್ಲಂದ್ರ ಇಲ್ಲ. ಕಾಕು… ಇವತ್ತ ಭಾಳ ಮಂದಿ ಫೋನ್ ಮಾಡ್ಯಾರ. ಹ್ಯಾಂಗ ಅದಿ ಅಂತ ಕೇಳಿದವರು ನೀವೊಬ್ಬರ."

ಫೋನು ಕೆಳಗಿಟ್ಟ ಚನ್ನವ್ವ ಗಂಡನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ರಾವಸಾಹೇಬರಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಅವತ್ತ ನಾ ಪೂರಾ ಹಾಕ್ರಿ ಅಂದದ್ದೂ ಶ್ಯಾಣೇತನ ಅಲ್ಲ. ಹೋದರ ನಾವು ಮುಳಗಬಾರದು, ಬಂದರ ಉಂಡು ತಿನಬೇಕು. ಹಂಗಿರಬೇಕು ಹಾಕೂದು. ಅರ್ಧ ಅಡಿಗಿಮನಿಗೆ, ಅರ್ಧ ಆಕಿಗೆ. ಈಗ ದರಾನೂ ಅರ್ಧ ಆಗೈತೆಲ್ಲಾ, ಅವತ್ತ ಪೂರಾ ಹಾಕಿದರ ಎಷ್ಟ ಬರತಿದ್ದುವೋ ಅಷ್ಟ ಶೇರ ಈಗ ಅರ್ಧಕ್ಕ ಬರ್ತಾವು. ತಗೀರಿ ಫೋನು."

"ಈಗ? ಬೀಳೂಮುಂದ? ಏ, ಬೀಳೂ ಗೋಡಿ ಕೆಳಗ ಯಾರರ ನಿಂದರತಾರೇನ?"

"ನನ್ನ ಮುಂದನ ಒತ್ರಿ. ನೀವ ಹಾಕೀನಿ ಅಂದದ್ದನ್ನ ಇನ್ನ ಮ್ಯಾಲ ನಾ ಕಣ್ಣಲೆ ನೋಡಿನ ನಂಬಾಕಿ."

ದೇವರ ಮುಂದೆ ಮಣೆ ಹಾಕಿ ಕೂರಿಸಿದಳು. ಫೋನಿಗೆ ಕುಂಕುಮ ಹಚ್ಚಿದಳು. ನಾಲ್ಕು ತಿಂಗಳು ಹಗಲೆಲ್ಲ ಹೆದರಿ, ಗುಡಿ ಸುತ್ತಿ, ಸುಳ್ಳು ಹೇಳಿ ಯಾವುದನ್ನು ತಪ್ಪಿಸಿಕೊಂಡಿದ್ದರೋ, ಅದನ್ನೇ ರಾವಸಾಹೇಬರು ಹೆಂಡತಿಯ ಕಣ್ಣೆದುರೇ ಒತ್ತಿದರು. ಆಮೇಲೆ ಇಬ್ಬರೂ ಜಿಲೇಬಿ ತಿಂದರು. ಚನ್ನವ್ವನಿಗೆ ಅದು ಸಿಹಿಯಾಗಿತ್ತು.

ದೀಪಾವಳಿ ಮುಗಿದ ವಾರ ಗುರಪ್ಪ ಮತ್ತೆ ಬಂದ. ಗ್ರಾನೈಟ್ ಹೋಗಿ ಕಡಪಾ ಕಲ್ಲು ಬಂತು, ನಳ ಒಂದೇ ಆಯಿತು, ಬಾಗಿಲು ಮಾತ್ರ ಎತ್ತರವೇ ಉಳಿಯಿತು. ಆದರೂ ಗುರಪ್ಪ ತಲೆ ಕೆರೆದುಕೊಂಡ.

"ಅವ್ವಾರ, ಅರ್ಧ ರೊಕ್ಕದಾಗ ಗ್ವಾಡಿ ಏಳಸ್ತೀನಿ, ಸ್ಲ್ಯಾಬೂ ಹಾಕ್ತೀನಿ. ಕೈಯಾಳಿನ ಪಗಾರಕ್ಕ ಉಳಿಯೂದಿಲ್ಲ ನೋಡ್ರಿ."

"ಕೈಯಾಳ ಮನ್ಯಾಗ ಅದಾರ" ಎಂದಳು ಚನ್ನವ್ವ.

ಕೈಯಾಳು ರುಮಾಲನ್ನು ಸಿಂಬಿ ಮಾಡಿ ತಲೆಯ ಮೇಲೆ ಇಟ್ಟುಕೊಂಡರು. ಸ್ಲ್ಯಾಬು ಹಾಕುವ ದಿನ ರಾವಸಾಹೇಬರು ಸಿಮೆಂಟು ಕಲಸಿದ ಬುಟ್ಟಿ ಹೊತ್ತು ಏಣಿಯ ನಡುವೆ ಇದ್ದಾಗ, ಅಂಗಿಯ ಕಿಸೆಯಲ್ಲಿ ಫೋನು ಟಿಂಗ್ ಎಂದಿತು. ಆ ಸದ್ದು ಅವರಿಗೆ ಗೊತ್ತು. ಶೇರಿನ ದರ ದೊಡ್ಡದಾಗಿ ಅಲುಗಾಡಿದಾಗ ಮಾತ್ರ ಬರುವ ಸದ್ದು. ಮೇಲೆ ಹೋಯಿತೋ, ಕೆಳಗೆ ಬಂತೋ? ನೋಡೋಣವೆಂದರೆ ಎರಡೂ ಕೈ ಬುಟ್ಟಿಯ ಮೇಲೆ.

"ಚನ್ನೀ, ಫೋನ್ ಬಂದೈತಿ! ಒಂದಿಷ್ಟ ಕಿಸೇದಾಗಿಂದ ತಗದ ನೋಡು, ಏರೈತೋ ಇಳದೈತೋ!"

"ಮಗಳ ಮನಿ ಸುದ್ದಿ ದಿನಾ ಕೇಳಬಾರದ್ರಿ" ಎಂದಳು ಚನ್ನವ್ವ ಕೆಳಗೆ ಏಣಿ ಹಿಡಿದುಕೊಂಡು. "ನೀವ ಏರ್ರಿ."

"ಲಗೂನ ಬರ್ರಿ ಸಾವಕಾರ್‍ರ, ಮಾಲ ಗಟ್ಟಿ ಆಗ್ತೈತಿ!" ಎಂದು ಮೇಲಿನಿಂದ ಗುರಪ್ಪ ಕೂಗಿದ.

ಶೇರು ಎತ್ತ ಹೋಗಿತ್ತೋ ಸಂಜೆಯವರೆಗೂ ಗೊತ್ತಾಗಲಿಲ್ಲ. ಆ ದಿನ ಅನಂತಪುರದಲ್ಲಿ ಖಾತ್ರಿಯಾಗಿ ಮೇಲೇರಿದ್ದು ಒಂದೇ ಒಂದು, ರಾವಸಾಹೇಬರ ತಲೆಯ ಮೇಲಿನ ಬುಟ್ಟಿ.